ಕೆರೆ ಏರಿಯ ಮೇಲೆ ನನ್ನ ಕಡ್ಲೆಪುರಿ ಸೇವೆ

ಕೆರೆಯ ಏರಿ ಕಾಯುವುದೇನು ಬ್ರಹ್ಮವಿದ್ಯೆಯೇ? ಎದುರು ಮನೆಯ ನಿರ್ಮಲಾ ಕಾಯುತ್ತಾಳೆಂದ ಮೇಲೆ ನಾನು ಕಾಯಲಾರೆನೇ? ಹೀಗೆಂದುಕೊಂಡೇ ನಾನು ಸಾರ್ವಜನಿಕ ಸೇವೆಗೆ ಇಳಿದದ್ದು.

ಶ್ರೀಗಂಧದ ಕಾವಲಿನ ನಮ್ಮ ಬಡಾವಣೆಯ ಹಿಂದೆ ಒಂದು ಪುಟ್ಟ ಹಳೇ ಕೆರೆಯಿದೆ. ಮಣ್ಣಿನ ಏರಿ, ಅದರ ಮೇಲೆ ವಾಕಿಂಗ್ ದಾರಿ, ನೀರಿನಲ್ಲಿ ಮಕ್ಕಳಿಗೆಂದು ಪೆಡಲ್ ದೋಣಿಗಳು. ನಿರ್ಮಲಾ ಕೆರೆ ಸಮಿತಿಯ ಕಾರ್ಯದರ್ಶಿ. ಏರಿಯ ಮೇಲೆ ಗಿಡ ಬೆಳೆದರೆ ಬೇರು ಮಣ್ಣನ್ನು ಸಡಿಲಿಸುತ್ತದೆಂದು ಪ್ರತಿ ಭಾನುವಾರ ಕುಡುಗೋಲು ಹಿಡಿದು ಹೊರಡುತ್ತಾಳೆ. ಅದಕ್ಕೇ ಕೆರೆ ತುಂಬಿ ಕೋಡಿ ಹರಿದಾಗಲೆಲ್ಲ ಗಂಗಮ್ಮನಿಗೆ ಬಾಗಿನ ಬಿಡುವ ಭಾಗ್ಯ ಅವಳದೇ. ಕೈಯಲ್ಲಿ ಮೊರ, ಸುತ್ತ ಮೊಬೈಲುಗಳು! ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುವ ಭಾಗ್ಯ ನನ್ನದು. ಹೊಟ್ಟೆ ಉರಿಯದೆ ಇನ್ನೇನಾದೀತು?

"ಈ ಸಲ ಬಾಗಿನ ನಂದೇ ಕಣ್ರೀ" ಎಂದು ಗಂಡನಿಗೆ ಘೋಷಿಸಿದೆ.

"ಹಾಗಾದ್ರೆ ಕುಡುಗೋಲು ತಗೋ."

"ಕಳೆ ಕಿತ್ರೆ ಯಾರ್ರೀ ನೋಡ್ತಾರೆ? ಜನ ಮೆಚ್ಚೋ ಕೆಲಸ ಮಾಡ್ತೀನಿ, ನೋಡ್ತಿರಿ!"

ದಿನಾ ಸಂಜೆ ಏರಿಯ ಮೂಲೆಯ ಬೆಂಚಿನ ಬಳಿ ಹಕ್ಕಿಗಳಿಗೆ ಕಡ್ಲೆಪುರಿ ಚೆಲ್ಲತೊಡಗಿದೆ. ಜೊತೆಗೆ ಮನೆಯಲ್ಲಿ ಉಳಿದ ಅನ್ನ. ಪಾರಿವಾಳಗಳು ಮುತ್ತಿದವು, ಮಕ್ಕಳು ಮುತ್ತಿದರು. "ಪುರಿ ಆಂಟಿ ಬಂದ್ರು!" ಎಂಬ ಜಯಘೋಷ ಕೇಳಿ ನಾನು ನೆಲದ ಮೇಲೆಯೇ ಇರಲಿಲ್ಲ.

ಒಂದು ದಿನ ನಿರ್ಮಲಾ ಬಂದಳು. "ಸುಶೀಲಾ ಅವರೇ, ಏರಿ ಮೇಲೆ ತಿಂಡಿ ಚೆಲ್ಬೇಡಿ. ಯಾಕಂದ್ರೆ..."

ಪೂರ್ತಿ ಕೇಳುವ ಅಗತ್ಯವೇನಿತ್ತು? ಪಾಪ, ಅವಳಿಗೆ ಹೊಟ್ಟೆಕಿಚ್ಚು! ಮರುದಿನದಿಂದ ಪುರಿಯ ಚೀಲವನ್ನು ದೊಡ್ಡದು ಮಾಡಿದೆ.

ಮಳೆಗಾಲ ಬಂತು. ಇನ್ನು ಗೇಣುದ್ದ ನೀರು ಏರಿದರೆ ಕೋಡಿ! ಅಷ್ಟರಲ್ಲಿ ಏರಿಯ ಬುಡದಲ್ಲಿ ಕೆಸರು ನೀರು ಜಿನುಗುವುದು ನನ್ನ ಕಣ್ಣಿಗೇ ಬಿತ್ತು. ಭಯಪಡಬೇಕಾದ ನಾನು ಖುಷಿಪಟ್ಟೆ. ವಾಕಿಂಗಿನವರನ್ನೆಲ್ಲ ಸೇರಿಸಿ, "ನೋಡಿ ನಿಮ್ಮ ಕಾರ್ಯದರ್ಶಿ ಏರಿ ನೋಡ್ಕೊಂಡಿರೋ ಚೆಂದ!" ಎಂದು ಭಾಷಣ ಬಿಗಿದೆ. ಕೆರೆ ನೋಡಿಕೊಳ್ಳುವ ಸರ್ಕಾರಿ ಎಂಜಿನಿಯರಿಗೆ ನಾನೇ ಫೋನ್ ಮಾಡಿದೆ.

ಅವರು ಬಂದು ಏರಿಯುದ್ದಕ್ಕೂ ನಡೆದು ನನ್ನ ಬೆಂಚಿನ ಹತ್ತಿರ ನಿಂತುಬಿಟ್ಟರು. ಹುಲ್ಲು ಸರಿಸಿದರೆ ಬಿಲ. ಅದರ ಪಕ್ಕ ಇನ್ನೊಂದು ಬಿಲ!

"ಎಲ್ಲಾ ಹೆಗ್ಗಣದ್ದು. ಊಟ ಸಿಗೋ ಕಡೆ ಮನೆ ಮಾಡ್ತವೆ. ಇಲ್ಲಿ ದಿನಾ ತಿಂಡಿ ಹಾಕೋರು ಯಾರು?"

"ಪುರಿ ಆಂಟಿ!" ಮಕ್ಕಳು ಒಕ್ಕೊರಲಿನಿಂದ ಕೂಗಿದರು.

"ಅಮ್ಮಾ, ಈ ಬಿಲದೊಳಗೆ ನೀರು ನುಗ್ಗಿದ್ರೆ ಏರಿನೇ ಕೊಚ್ಕೊಂಡು ಹೋಗುತ್ತೆ. ಕೆಳಗಡೆ ಮೊದಲನೇ ಮನೆ ಯಾರದು?"

ನಮ್ಮದೇ!

ತೂಬು ತೆಗೆಸಿ ನೀರು ಇಳಿಸಿದರು. ದೋಣಿಗಳನ್ನು ಕಟ್ಟಿಹಾಕಿದರು. ಕೋಡಿಯೂ ಇಲ್ಲ, ಬಾಗಿನವೂ ಇಲ್ಲ. ಅಷ್ಟು ಅವಮಾನದಲ್ಲೂ ಒಂದು ಸಮಾಧಾನವಿತ್ತು: ನಿರ್ಮಲಾಗೂ ಇಲ್ಲ!

"ಬಾಗಿನ ಕೊಟ್ಟಾಯ್ತಲ್ಲೇ, ಇಷ್ಟು ದಿನ ಹೆಗ್ಗಣಗಳಿಗೆ!" ಎಂದ ಗಂಡನನ್ನು ದುರುಗುಟ್ಟಿ ನೋಡಿದೆ.

ಬಿಲಗಳನ್ನು ಅಗೆದು, ಜೇಡಿಮಣ್ಣು ತುಂಬಿ ದಮ್ಮಸು ಹೊಡೆದು ಗಟ್ಟಿ ಮಾಡಬೇಕಿತ್ತು. ಕೆಲಸಕ್ಕೆ ಮೊದಲು ಪೂಜೆ. "ಸುಶೀಲಾ ಅವರೇ ಮಾಡ್ಲಿ. ನೀರು ಜಿನುಗೋದು ಮೊದಲು ನೋಡಿದ್ದು ಅವರೇ ತಾನೇ?" ಎಂದಳು ನಿರ್ಮಲಾ. ಅವಳ ಈ ಒಳ್ಳೆಯತನ ಕಂಡರೇ ನನಗೆ ಇನ್ನಷ್ಟು ಉರಿ!

ಮದುವೆಯ ರೇಷ್ಮೆ ಸೀರೆ ಉಟ್ಟು, ಸಮಸ್ತ ಗಾಂಭೀರ್ಯದಿಂದ ಹೆಗ್ಗಣದ ಬಿಲಕ್ಕೆ ಅರಿಶಿನ ಕುಂಕುಮವಿಟ್ಟು, ಮೊದಲ ಬುಟ್ಟಿ ಮಣ್ಣು ಸುರಿದೆ. ಪಕ್ಕದಲ್ಲಿ ನಿರ್ಮಲಾ ಮಾಸಲು ಕಾಟನ್ ಸೀರೆಯಲ್ಲಿ ಸುಮ್ಮನೆ ನಿಂತಿದ್ದಳು. ಫೋಟೊ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಬಂತು. ನೋಡಿದರೆ ಅದರಲ್ಲಿ ಎದ್ದು ಕಾಣುತ್ತಿದ್ದುದು ಆ ಮಾಸಲು ಸೀರೆಯೇ! ನನ್ನ ರೇಷ್ಮೆಯ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. "ನಿರ್ಮಲಾ, ಆ ಕಾಟನ್ ಸೀರೆ ಎಲ್ಲಿ ತಗೊಂಡ್ರಿ? ತುಂಬಾ ಚೆನ್ನಾಗಿದೆ" ಎಂದು ಮೊದಲ ಮೆಸೇಜ್ ಹಾಕಿದ್ದು ಯಾರು ಗೊತ್ತೇ?

ನಾನೇ!