ದನದ ಡಾಕ್ಟರರ ಸ್ಪೀಕರ್ ವಾಯರು

ಕೆಲವರ ಮನೆಯಲ್ಲಿ ನೆಂಟರು ಬಂದರೆ ನಗು. ನಮ್ಮ ಮನೆಯಲ್ಲಿ ಸೊಲ್ಲಾಪುರದಿಂದ ಹೊಸ ವಾಯರು ಬಂದರೆ ಸಾಕಿತ್ತು, ಏನಾದರೊಂದು ಆಗಿಯೇ ತೀರುತ್ತಿತ್ತು.

ನಮ್ಮ ಯಜಮಾನರು ಸರಕಾರಿ ದನದ ಡಾಕ್ಟರು. ಆಳಂದ, ಅಫಜಲಪುರ, ಜೇವರ್ಗಿ ಎಂದು ವರ್ಗವಾದಲ್ಲೆಲ್ಲ ನಾನು, ನನ್ನ ಹೊಲಿಗೆ ಮಷಿನ್ನು, ಅವರ ಟೇಪು, ಆಂಪ್ಲಿಫೈಯರು, ಎರಡು ಸ್ಪೀಕರ್ ಡಬ್ಬಿ ಎಲ್ಲ ಒಂದೇ ಲಾರಿಯಲ್ಲಿ ಹೋಗುತ್ತಿದ್ದೆವು. ಡಬ್ಬಿ ಎಂದರೆ ಅವಲಕ್ಕಿ ಡಬ್ಬಿ ಅಲ್ಲ. ಸಾಗವಾನಿ ಹಲಗೆಯವು, ಒಂದೊಂದೂ ಜೋಳದ ಚೀಲದಷ್ಟು ಎತ್ತರ. ಆಂಪ್ಲಿಫೈಯರಿನಿಂದ ಡಬ್ಬಿಗೆ ಹೋಗುವ ವಾಯರು ಬದಲಿಸಿದರೆ ಹಾಡಿನ ರುಚಿಯೇ ಬದಲಾಗುತ್ತದೆ ಎಂಬುದು ಅವರ ನಂಬಿಕೆ.

ನನ್ನ ತಕರಾರು ವಾಯರಿನ ಮೇಲಲ್ಲ, ಎಡಗಡೆ ಡಬ್ಬಿಯ ಮೇಲೆ. ಯಾವ ಊರಿಗೆ ಹೋದರೂ ಅದು ಹೋಗಿ ಕೂಡುವುದು ಪಡಸಾಲೆಯ ಕಿಟಕಿಯ ಕೆಳಗೇ. ನಾನೋ ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ ಕರಿ ಬಟ್ಟೆಗೆ ಕರಿ ದಾರ ಹಾಕಿ ಓಣಿಯ ಹೆಂಗಸರ ಜಂಪರ್ ಹೊಲಿಯಬೇಕು. ನನಗೆ ಆ ಕಿಟಕಿಯ ಬೆಳಕು ಬೇಕಿತ್ತು. ಕೇಳಿದರೆ, "ಡಬ್ಬಿ ಒಂದು ಗೇಣು ಸರಿದ್ರ ಹಾಡೋರು ಗ್ವಾಡಿಯೊಳಗ ಹೋಗಿಬಿಡ್ತಾರ ನೋಡು" ಎನ್ನುತ್ತಿದ್ದರು.

ಅತ್ತೆಯ ಸೀರೆ

ಆಳಂದದಲ್ಲಿದ್ದಾಗ, ವಾಯರು ನೆಲಕ್ಕೆ ತಾಗಿದರೆ ದನಿ ಮಂಕಾಗುತ್ತದೆ ಎಂದು ಇವರಿಗೆ ಯಾರು ಹೇಳಿದರೋ ಏನೋ. ಪಡಸಾಲೆಯಲ್ಲಿ ಎದೆಮಟ್ಟಕ್ಕೆ ಗೂಟ ಹೊಡೆದು, ಈ ಗೋಡೆಯಿಂದ ಆ ಗೋಡೆಗೆ ವಾಯರು ಎಳೆದರು. ಮಾರನೇ ದಿನ ಭೂಸನೂರಿನಿಂದ ಅತ್ತೆ ಬಂದರು. ಸ್ನಾನ ಮುಗಿಸಿ ಹಸಿ ಸೀರೆ ಹಿಡಿದು ಬಂದವರಿಗೆ ಪಡಸಾಲೆಯಲ್ಲೇ ತಂತಿ ಕಾಣಿಸಿತು.

"ಸೊಸಿ ಈಗ ಶ್ಯಾಣ್ಯಾಕಿ ಆಗ್ಯಾಳ" ಎಂದು ಸೀರೆ ಹರವಿಯೇಬಿಟ್ಟರು. ನಾನೂ ಒಂದು ತುದಿ ಹಿಡಿದು ಸೀರೆ ಎಳೆದುಕೊಟ್ಟೆ. ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲು, ಯಾಕೆ ಕೆಡಿಸಿಕೊಳ್ಳಬೇಕು?

ಸಂಜೆ ಇವರು ಬರುವ ಹೊತ್ತಿಗೆ ನಾನು ಬೇಕೆಂದೇ ಟೇಪು ಹಚ್ಚಿಟ್ಟಿದ್ದೆ. ಸೀರೆ ನೋಡಿ ಕೂಗಲು ಬಾಯಿ ತೆರೆದವರು ಹಾಗೇ ನಿಂತರು.

"ಏ, ಇವತ್ತ ಸನಾದಿ ಚುಚ್ಚಾಕತ್ತಿಲ್ಲ! ದನಿ ಬೆಣ್ಣಿ ಆಗ್ಯದ. ಸೀರಿ ಮುಟ್ಟಬ್ಯಾಡ."

ಸೀರೆ ಒಣಗಿತು. ಆದರೂ ಇಳಿಸಲು ಬಿಡಲಿಲ್ಲ. ಅತ್ತೆ ತಂದಿದ್ದೇ ಎರಡು ಸೀರೆ. ಉಟ್ಟದ್ದು ಮಾಸಿದಾಗ ಮಗನ ಮುಂದೆ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಂತರು.

"ಅವ್ವಾ, ಇನ್ನೊಂದೆರಡು ದಿನ ಇರ್ಲಿ" ಎಂದರು ಇವರು.

"ಲೇ, ನಿನ್ನ ಹಾಡಿಗೆ ನನ್ನ ಸೀರಿ ಉಡಿಸಿ, ನನಗ ಆ ವಾಯರ್ ಸುತ್ಕೋ ಅಂತೀಯೇನು?"

ಹೊಟ್ಟೆ ಉಬ್ಬರ

ಅಫಜಲಪುರಕ್ಕೆ ಬಂದ ಮೇಲೆ ದಪ್ಪ ವಾಯರಿನ ಗೀಳು ಹತ್ತಿತು. ವೆಲ್ಡಿಂಗ್ ಅಂಗಡಿಯಿಂದ ಹೆಬ್ಬೆರಳು ಗಾತ್ರದ ಕೇಬಲ್ಲು ಕೊಂಡು ತಂದು ಹಚ್ಚಿದರು. ಅದರ ಭಾರಕ್ಕೆ ಆಂಪ್ಲಿಫೈಯರು ಮೇಜಿನ ಅಂಚಿಗೆ ಜಾರಿ ಬರುತ್ತಿತ್ತು. ನನ್ನ ಒನಕೆ ಅಡ್ಡ ಇಟ್ಟರು. ಇಷ್ಟಾದ ಮೇಲೆ ಎಡಗಡೆ ಡಬ್ಬಿಯೊಳಗೆ ಏನೋ ಸದ್ದು ಶುರುವಾಯಿತು. ಇವರು ಆಸ್ಪತ್ರೆಯ ಸ್ಟೆತಾಸ್ಕೋಪು ತಂದು, ಡಬ್ಬಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಅದರ ಹೊಟ್ಟೆಗೆ ಹಚ್ಚಿ, ಬೆರಳಿನಿಂದ ಟಕಟಕ ಬಡಿದು ಕೇಳತೊಡಗಿದರು. ಅಷ್ಟರಲ್ಲಿ ಹವಳಗಾದ ರೈತರೊಬ್ಬರು ಎಮ್ಮೆಯ ಔಷಧಕ್ಕೆಂದು ಬಂದು ಬಾಗಿಲಲ್ಲಿ ನಿಂತರು. ಸ್ವಲ್ಪ ಹೊತ್ತು ನೋಡಿ, ತಲೆಯ ಮೇಲಿನ ಟಾವೆಲ್ಲು ತೆಗೆದು ಮೆಲ್ಲಗೆ ಕೇಳಿದರು:

"ಏನಾಗ್ಯದ್ರಿ ಸಾಹೇಬ್ರ?"

"ಹೊಸದು ಹಚ್ಚಿದಾಗಿಂದ ಒಳಗ ಗುಡುಗುಡು ಅನ್ನಾಕತ್ತದ."

ರೈತರ ಮುಖ ಗಂಭೀರವಾಯಿತು. ಹತ್ತಿರ ಬಂದು, ಡಬ್ಬಿಯ ಬೆನ್ನು ಸವರಿ ಹೇಳಿದರು:

"ಹೊಟ್ಟಿ ಉಬ್ಬ್ಯದ್ರಿ ಇದಕ್ಕ. ಶೇಂಗಾ ಎಣ್ಣಿ ಕುಡಸ್ರಿ. ಹೋದ ಸಲ ನಮ್ಮ ಎಮ್ಮಿಗಿ ನೀವೇ ಹೇಳಿದ್ರಲ್ಲ!"

ಕಣ್ಣಿಗೆ ವಸ್ತ್ರ

ಜೇವರ್ಗಿಯ ಮನೆಗೆ ಇದ್ದದ್ದೇ ಒಂದು ಒಳ್ಳೆಯ ಕಿಟಕಿ. ಅಲ್ಲಿಯೂ ಡಬ್ಬಿಯೇ ಕೂತಿತು. ನಾನು ಕತ್ತಲಲ್ಲಿ ತಹಶೀಲ್ದಾರರ ಹೆಂಡತಿಯ ಜಂಪರಿಗೆ ಎರಡೂ ಎಡಗೈ ತೋಳು ಹೊಲಿದುಬಿಟ್ಟೆ. ಆಕೆ ಅದನ್ನು ತೊಟ್ಟು ತೋರಿಸಲು ಬಂದಾಗ ನಾಚಿಕೆಯಿಂದ ಸತ್ತಂತಾಯಿತು. ಸಿಟ್ಟೆಲ್ಲ ಇವರ ಮೇಲೆ ತಿರುಗಿತು.

"ಕಣ್ಣು ಕಟ್ತೇನಿ. ತೆಳ್ಳನ ವಾಯರ್ ಯಾವುದು, ದಪ್ಪಂದು ಯಾವುದು, ಕೇಳಿ ಹೇಳ್ರಿ. ಹೇಳಿದ್ರ ಕಿಟಕಿ ನಿಮ್ಮದು. ತಪ್ಪಿದ್ರ ನನ್ನ ಮಷಿನ್ದು."

"ಆಗಲಿ. ನನ್ನ ಕಿವಿ ಅಂದ್ರ ಏನಂತ ತಿಳದೀ?"

ಸಾಕ್ಷಿಗೆ ಪಕ್ಕದ ಮನೆಯ ನಿವೃತ್ತ ಮಾಸ್ತರರನ್ನು ಕರೆದೆವು. ತತ್ವಪದ ಹಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವತ್ತು ಅಂದೋಲಾದ ಮಠಕ್ಕೆ ಭಜನೆಗೆ ಹೊರಟು, ಬಸ್ಸಿಗೆ ಹೊತ್ತಿದೆ ಎಂದು ಏಕತಾರಿ ಹೆಗಲಿಗೆ ಹಾಕಿಕೊಂಡೇ ಬಂದರು. ಇವರು ಪರೀಕ್ಷೆಗೆ ಆರಿಸಿದ್ದೂ ಮಾಸ್ತರರದೇ ಹಾಡು, ತಾವೇ ಟೇಪು ಮಾಡಿಕೊಂಡದ್ದು. "ದಿನಾ ಕೇಳೋ ದನಿ, ಕೂದಲೆಳೀಯಷ್ಟು ಫರಕ ಬಂದ್ರೂ ಹಿಡೀತೇನಿ."

ವಸ್ತ್ರ ಕಟ್ಟಿದೆ. ಮೊದಲು ತೆಳ್ಳನೆಯ ವಾಯರು ಹಚ್ಚಿ ಟೇಪು ಬಿಟ್ಟೆ.

"ತೆಳ್ಳಂದು" ಎಂದರು, ಒಂದೇ ಮಾತಿಗೆ. ಇನ್ನೊಂದು ಸಲ ಸರಿ ಹೇಳಿದರೆ ಕಿಟಕಿ ಹೋದಂತೆಯೇ.

ಟೇಪು ನಿಲ್ಲಿಸಿ, ಆ ವಾಯರು ಬಿಚ್ಚಿ, ದಪ್ಪನೆಯದನ್ನು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ತಿರುಗಿ ತಿರುಗಿ ನಿಂತಿತು. ಏನು ಮಾಡಲಿ ಎಂದು ನೋಡುತ್ತೇನೆ, ಮಾಸ್ತರರು ನನ್ನತ್ತ ಕಣ್ಣು ಹೊಡೆದರು. ಏಕತಾರಿ ಮೀಟಿ, ಟೇಪು ನಿಂತ ಸಾಲಿನಿಂದಲೇ ಹಾಡು ಎತ್ತಿಕೊಂಡರು.

ಇವರು ನೆಟ್ಟಗೆ ಕುಳಿತರು. "ಆಹಾ! ಇದು ದಪ್ಪಂದು! ಹಿಂದ ಗುಂಯ್ ಅಂತಿತ್ತಲ್ಲ, ಅದು ಹ್ಯಾಂಗ ನಿಂತು ನೋಡು!"

ನಿಂತದ್ದು ಫ್ಯಾನು. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

"ಎದುರಿಗೇ ಕುಂತು ಹಾಡಿದಂಗ ಆಗಾಕತ್ತದ. ಉಸಿರು ಎಳಕೊಳ್ಳೋದೂ ಕೇಳ್ತದ!"

ಮಾಸ್ತರರಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

"ಕೇಳಿದೇನು? ಕೆಮ್ಮು! ಇಷ್ಟು ದಿನ ಈ ಕೆಮ್ಮು ತೆಳ್ಳನ ವಾಯರಿನಾಗ ಸಿಕ್ಕೊಂಡಿತ್ತು! ಆದ್ರ ದನಿ ಜರಾ ಎಡಕ್ಕ ಎಳದದ, ಬಲಕ್ಕ ಮಾಡು."

ಮಾಸ್ತರರು ಹಾಡುತ್ತಲೇ ಎದ್ದು, ಎರಡು ಹೆಜ್ಜೆ ಬಲಕ್ಕೆ ಸರಿದು ನಿಂತರು.

"ಹಾಂ! ಈಗ ಬರೋಬ್ಬರಿ ನಡುವ ಬಂತು!"

ನಾನು ವಸ್ತ್ರ ಬಿಚ್ಚಿದೆ. ಎದುರಿಗೆ ಏಕತಾರಿ ಹಿಡಿದ ಮಾಸ್ತರರು, ನನ್ನ ಕೈಯಲ್ಲಿ ಎಲ್ಲಿಗೂ ಹಚ್ಚದ ದಪ್ಪ ವಾಯರು. ಇವರು ಮೂರನ್ನೂ ಸರದಿಯಂತೆ ನೋಡಿದರು: ಮಾಸ್ತರರನ್ನು, ವಾಯರನ್ನು, ನಿಂತ ಫ್ಯಾನನ್ನು. ಮಾಸ್ತರರು ಕಣ್ಣೀರು ಒರೆಸಿಕೊಳ್ಳುತ್ತ, "ಡಾಕ್ಟರ್ ಸಾಬ್, ನನ್ನ ದನಿ ಇಷ್ಟು ಚಲೋ ಅದಂತ ಮಠದಾಗೂ ಯಾರೂ ಹೇಳಿದ್ದಿಲ್ರಿ" ಎಂದರು.

ಇವರು ಸೋಲು ಒಪ್ಪುವ ಕುಳವೇ? ಗಂಟಲು ಸರಿಪಡಿಸಿಕೊಂಡು ಹೇಳಿದರು:

"ನಾ ಎಲ್ಲಿ ತಪ್ಪಿದೆ? ಎಲ್ಲಕ್ಕಿಂತ ಚಲೋ ದನಿ ಯಾವುದಂತ ಹಿಡಿದೆನೋ ಇಲ್ಲೋ?"

"ಹೌದ್ರಿ, ಬರೋಬ್ಬರಿ ಹಿಡಿದ್ರಿ" ಎಂದೆ. "ಈಗ ಡಬ್ಬಿ ಆ ಕಡಿ ಹಿಡೀರಿ, ನಾ ಈ ಕಡಿ ಹಿಡೀತೇನಿ."