ಗಡಿಗೆ ಮೊಸರು ಮತ್ತು ಟೆಸ್ಟ್ ಡ್ರೈವ್

ನನ್ನ ತಮ್ಮನಷ್ಟು ಎಸ್‌ಯುವಿಗಳನ್ನು ಓಡಿಸಿದವರು ಬಾಗಲಕೋಟೆಯಲ್ಲಿ ಇನ್ನೊಬ್ಬರು ಸಿಗಲಾರರು. ಅವನ ಮನೆಯ ಮುಂದೆ ಮಾತ್ರ ಒಂದೂ ಎಸ್‌ಯುವಿ ನಿಂತಿಲ್ಲ! ಓಡಿಸಿದ್ದೆಲ್ಲ ಟೆಸ್ಟ್ ಡ್ರೈವ್. ಅವನು ಷೋರೂಮಿನ ಬಾಗಿಲು ತಳ್ಳಿದರೆ ಸಾಕು, ಅಲ್ಲಿನ ಸೇಲ್ಸ್‌ಮನ್‌ಗಳಿಗೆಲ್ಲ ಏಕಕಾಲಕ್ಕೆ ಫೋನ್ ಬರುತ್ತದೆ.

ನಗಬೇಡಿ, ಅವನಿಗೆ ಅವಸರವಿದೆ. ನೀರಾವರಿ ಇಲಾಖೆಯ ಜೀಪಿನಲ್ಲೇ ಆಯುಷ್ಯ ಸವೆಸಿದವನ ಕಣ್ಣಿಗೆ ಈಗ ಕಾಚಬಿಂದು, ಡಾಕ್ಟರ ಭಾಷೆಯಲ್ಲಿ ಗ್ಲಾಕೋಮಾ. ನೇರ ನೋಡಿದ್ದು ಕಾಣುತ್ತದೆ. ಅಂಚುಗಳು ಒಂದೊಂದಾಗಿ ಮಾಸುತ್ತಿವೆ. ಡಾಕ್ಟರು ಖಡಾಖಂಡಿತ ಹೇಳಿದ್ದಾರೆ: ಹಗಲಿನಲ್ಲಿ ಮಾತ್ರ, ಖಾಲಿ ರಸ್ತೆಯಲ್ಲಿ ಮಾತ್ರ, ದೀಪಾವಳಿಯ ತನಕ ಮಾತ್ರ. ಆಮೇಲೆ ಸ್ಟೇರಿಂಗ್ ಮುಟ್ಟುವಂತಿಲ್ಲ. ಅಂದರೆ ಈಗ ಕೊಳ್ಳುವುದೇ ಅವನ ಲಾಸ್ಟ್ ಗಾಡಿ. ಲಾಸ್ಟ್ ಗಾಡಿ ದಿ ಬೆಸ್ಟ್ ಆಗಬೇಡವೇ?

ಬೆಸ್ಟ್ ಯಾವುದೆಂದು ಹೇಳಲು ಬ್ರೋಶರ್ ಯಾರು? ಕಂಫರ್ಟಿಗೆ ಅವನ ಪರೀಕ್ಷೆ ಮೊಸರು. ರಾತ್ರಿ ಗಡಿಗೆಯಲ್ಲಿ ಹೆಪ್ಪು ಹಾಕಿಸುವುದು, ಬೆಳಿಗ್ಗೆ ಅದನ್ನು ಗಾಡಿಯಲ್ಲಿಟ್ಟು ಕಮತಗಿಯ ಮೇಲೆ ಹುನಗುಂದಕ್ಕೆ ಹೋಗುವುದು. ಅಲ್ಲಿ ಮುಚ್ಚಳ ತೆಗೆದಾಗ ಕೆನೆ ಬಿರಿದು ನೀರು ಒಡೆದಿದ್ದರೆ ಗಾಡಿ ಫೇಲ್!

"ಏನ್ರಿ, ಮೊಸರು ಒಡಿಯಂಗಿಲ್ಲಂತ ಬರದು ಕೊಡ್ತೀರೇನು?"

"ಸರ್, ಏಳು ಏರ್‌ಬ್ಯಾಗ್ ಅದಾವ್ರಿ..."

"ಏರ್‌ಬ್ಯಾಗ್ ಮನಿಷ್ಯಾಗಾತು. ಮೊಸರಿಗೆ?"

ಗಡಿಗೆ ಹಿಡಿಯುವ ಕೆಲಸ ನನ್ನದು. ತಲೆಯ ಮೇಲೆ ಪುಸ್ತಕವಿಟ್ಟು ಹುಡುಗಿಯರನ್ನು ನಡೆಸುತ್ತಿದ್ದ ಕಾನ್ವೆಂಟಿನ ಸಿಸ್ಟರುಗಳು ನನ್ನ ಪೋಸ್ಚರನ್ನು ಇದಕ್ಕಾಗಿಯೇ ತಿದ್ದಿದ್ದರೋ ಏನೋ! ಮೊದಲ ಗಾಡಿಯಲ್ಲಿ ರಸ್ತೆಯ ಪ್ರತಿ ಹಂಪ್‌ಗೂ ಗಡಿಗೆಯನ್ನು ಅಂಗೈಯಲ್ಲಿ ಮೇಲೆತ್ತಿ ಹಿಡಿದೆ. ಹುನಗುಂದದಲ್ಲಿ ಮೊಸರು ಸಂಗಮರಿ ಕಲ್ಲಿನಂತೆ ನಿಂತಿತ್ತು. ತಮ್ಮ ಖುಷಿಯಾಗಲಿಲ್ಲ. "ಅಕ್ಕಾ, ಪಾಸಾಗಿದ್ದು ಗಾಡಿ ಅಲ್ಲ, ನಿನ್ನ ಮೊಣಕೈ" ಎಂದು ಆ ಗಾಡಿಯನ್ನು ವಾಪಸ್ ಕಳಿಸಿಬಿಟ್ಟ.

ಪ್ರಾಕ್ಟಿಕಲ್ ಹೌದೋ ಅಲ್ಲವೋ ಎಂದು ತಿಳಿಯಲು ಇನ್ನೊಂದರ ಡಿಕ್ಕಿಯಲ್ಲಿ ಎರಡು ಚೀಲ ಜೋಳ, ನಾಲ್ಕು ಕೌದಿ ತುರುಕಿದ. ಇನ್ನೂ ಜಾಗ ಉಳಿಯಿತು. ಉಳಿದದ್ದನ್ನು ಅಳೆಯಲು ಹೆಂಡತಿಯನ್ನು ಕರೆದ.

"ಅಕ್ಕಾರ, ನನ್ನ ಡಿಕ್ಕ್ಯಾಗ ಹಾಕಾಕ ಹೊಂಟಾರ ನೋಡ್ರಿ ನಿಮ್ಮ ತಮ್ಮ!"

"ಐದು ನಿಮಿಷದ ಮಾತು, ಏರು!"

"ನೀವ ಏರ್ರಿ. ಬಾಗಿಲಾ ನಾ ಹಾಕ್ತೇನಿ."

ಆ ಗಾಡಿಯೂ ಫೇಲ್.

ರಗೆಡ್‌ನೆಸ್ಸಿಗೆ ಬೇವೂರಿನ ಎರೆ ಹೊಲ. ಹಿಂದಿನ ದಿನ ಮಳೆಯಾಗಿತ್ತು. ಬೇಕೆಂದೇ ಆ ದಿನ ಆರಿಸಿದ್ದ. ಫೋರ್ ವೀಲ್ ಡ್ರೈವಿನ ನಾಲ್ಕೂ ವೀಲುಗಳು ಕೆಸರಿನಲ್ಲಿ ಹೂತು ಕೂತವು. ಸೇಲ್ಸ್‌ಮನ್ ಒಂದು ಬೂಟನ್ನು ಹೊಲಕ್ಕೇ ದಾನ ಮಾಡಿದ. ಬದುವಿನ ಮೇಲೆ ಕಂಬಳಿ ಹೊದ್ದು ನಿಂತಿದ್ದ ಕುರುಬರ ಹಿರಿಯರೊಬ್ಬರು ಬಹಳ ಹೊತ್ತು ನೋಡಿ ಕೇಳಿದರು: "ಸಾಹೇಬ್ರ, ನಮ್ಮ ಕುರಿನೂ ಈ ಹೊಲಕ್ಕ ಇಳಿಯಂಗಿಲ್ರಿ. ನಿಮಗ ಯಾರು ಹೇಳಿದ್ರಿ ಇಳೀರಿ ಅಂತ?"

"ಫೇಲ್!" ಎಂದ ತಮ್ಮ. ಎಂಥ ಸಂತೋಷ ಆ ಮುಖದಲ್ಲಿ! ಆಗ ನನಗೆ ಹೊಳೆಯಿತು. ಒಂದು ಗಾಡಿ ಫೇಲಾದರೆ ಇನ್ನೊಂದು ಓಡಿಸಲು ಸಿಗುತ್ತದೆ. ಪಾಸಾದರೆ ಹುಡುಕಾಟವೇ ಮುಗಿಯಿತಲ್ಲ! ಆದರೆ ದಸರೆ ಕಳೆದಿತ್ತು. ದೀಪಾವಳಿಯನ್ನು ಫೇಲ್ ಮಾಡಲು ಯಾರಿಂದಾದೀತು?

ಕೊನೆಯ ಗಾಡಿಯನ್ನು ಮಧ್ಯಾಹ್ನದ ಮೇಲೆ ಬಾದಾಮಿಯ ಕಡೆ ತಿರುಗಿಸಿದ. ಗುಳೇದಗುಡ್ಡ ದಾಟಿದರೂ ಗಡಿಗೆಯ ಮೊಸರಿನಲ್ಲಿ ಒಂದೂ ಬಿರುಕಿಲ್ಲ. ಈ ಸಲ ನಾನು ಗಡಿಗೆಯನ್ನು ಎತ್ತಿರಲೂ ಇಲ್ಲ. ಸೀಟು ಮೆತ್ತಗೆ, ಎಂಜಿನ್ನಿನ ಸದ್ದು ದೂರದ ಬೀಸುಕಲ್ಲಿನ ಹಾಗೆ. ತಪ್ಪು ಹುಡುಕಲು ಅವನಿಗೆ ಏನೂ ಸಿಗಲಿಲ್ಲ.

ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಇಳಿದ. ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಸುತ್ತಿಬಂದು ನನ್ನ ಕಡೆಯ ಬಾಗಿಲು ತೆಗೆದ.

"ಆ ಸೀಟ್ ನೋಡಿದ್ದಾತು ಅಕ್ಕಾ. ಇನ್ನ ಮುಂದ ನಾ ಕುಂದ್ರೋ ಸೀಟ್ ನೋಡೂಣು. ನೀ ಹೊಡಿ."

ಇಪ್ಪತ್ತು ವರ್ಷ ಪುಟ್ಟ ಕಾರಿನಲ್ಲಿ ಕಾಲೇಜಿಗೆ ಹೋಗಿಬಂದವಳು ನಾನು. ಅವನ ಭಾಷೆಯಲ್ಲಿ ಅದು ಕಾರಲ್ಲ, ಚಪ್ಪಲಿ. ಗಡಿಗೆಯನ್ನು ಅವನ ಕೈಗಿಟ್ಟು ಸ್ಟೇರಿಂಗ್ ಹಿಡಿದೆ. ಹಿಂದಿನ ಸೀಟಿನಲ್ಲಿದ್ದ ಸೇಲ್ಸ್‌ಮನ್ ಮೊದಲ ಬಾರಿಗೆ ಫೀಚರ್ಸ್ ಹೇಳುವುದನ್ನು ಮರೆತ.

ಸ್ವಲ್ಪ ದೂರ ಹೋದ ಮೇಲೆ ಅವನು, ರಸ್ತೆಯನ್ನೇ ನೇರ ನೋಡುತ್ತ, ಕೇಳಿದ: "ಬಾಜೂಕ ಏನೈತಿ?"

"ಸೂರ್ಯಕಾಂತಿ."

"ಎಲ್ಲಿತನಕಾ?"

"ಗುಡ್ಡದ ಬುಡದತನಕಾ."

"ಗುಡ್ಡ ಇವತ್ತ ಹ್ಯಾಂಗ ಕಾಣತೈತಿ?"

ನೋಡಿದೆ. ಸಂಜೆಯ ಬಿಸಿಲು ಬಂಡೆಗಳ ಮೇಲೆ ಇಳಿದಿತ್ತು. "ಇಳಕಲ್ ಸೀರಿ ಸೆರಗ ಒಣಗ ಹಾಕ್ಯಾರೇನೋ ಅನ್ನೂ ಹಂಗ."

"ಖರೆ?"

"ಖರೆನೋ."

ಅವನು ಕಣ್ಣು ಮುಚ್ಚಿ ಸೀಟಿಗೆ ಒರಗಿದ. "ಹೇಳ್ಕೋತ ಹೋಗು ಅಕ್ಕಾ."

ಎದುರಿಗೆ ಹಂಪೂ ಇರಲಿಲ್ಲ, ಗಾಡಿಯೂ ಇರಲಿಲ್ಲ. ಆದರೂ ನಾನು ವೇಗ ತಗ್ಗಿಸಿ ಥರ್ಡ್ ಗೇರಿಗೆ ಇಳಿದೆ.