ಗ್ರಿಲ್ ಒಳಗಿನ ಸಂವಿಧಾನ

ಕೃಷ್ಣಪ್ಪ: ಬೀಗ ತೆಗೀರಿ ಅಮ್ಮಾ! ಶಿಕ್ಷೆ ಕೊಡೋದು ಸರ್ಕಾರದ ಕೆಲಸ, ನಿಮ್ಮದಲ್ಲ!

ಬಸವೇಶ್ವರನಗರ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದ ಹೊತ್ತು. ಗುರುದೇವಿಯವರ ಮನೆ ಮುಂದಿನ ಗಿಡಗಳಿಗೆ ಹಾಕಿದ ಗ್ರಿಲ್ಲಿನೊಳಗೆ ಕೃಷ್ಣಪ್ಪ ಸಿಕ್ಕಿಬಿದ್ದಿದ್ದಾರೆ. ಕಾನೂನು ಇಲಾಖೆಯ ನಿವೃತ್ತರು. ತಲೆಗೆ ಮಂಕಿ ಕ್ಯಾಪು, ಕೈಯಲ್ಲೊಂದು ಕವರು, ಕವರಿನ ತುಂಬ ಕದ್ದ ದಾಸವಾಳ. ವಾಕಿಂಗ್ ನೆಪದಲ್ಲಿ ಊರ ಹೂವೆಲ್ಲ ಕೀಳುವ ಮಹಾನುಭಾವರು ಇಂಥವರೇ. ಗುರುದೇವಿ ಸದ್ದಿಲ್ಲದೆ ಬಂದು ಹೊರಗಿನಿಂದ ಬೀಗ ಜಡಿದಿದ್ದಾರೆ.

ಗುರುದೇವಿ: ಇಲ್ಲಿ ನಾನೇ ಸರ್ಕಾರ. ಮೊಗ್ಗೂ ಬಿಡದೆ ಕಿತ್ತಿದೀರಲ್ಲ, ನನ್ನ ಪೂಜೆಗೆ ಬರೀ ಎಲೆ ಏರಿಸ್ಲಾ?

ಕೃಷ್ಣಪ್ಪ: ಆಯ್ತು, ನೀವೇ ಸರ್ಕಾರ. ಹಾಗಾದ್ರೆ ಕಾಫಿ ಕೊಡಿ.

ಗುರುದೇವಿ: ಕಳ್ಳನಿಗೆ ಕಾಫೀನಾ!

ಕೃಷ್ಣಪ್ಪ: ಕೈದೀಗೂ ಬದುಕೋ ಹಕ್ಕಿದೆ, ಇಪ್ಪತ್ತೊಂದನೇ ವಿಧಿ. ಪ್ರಜೆಗಳ ಆರೋಗ್ಯ ಸರ್ಕಾರದ ಕರ್ತವ್ಯ, ನಲವತ್ತೇಳನೇ ವಿಧಿ. ಮನೆಗೆ ಹೂವು ಹೋಗದೆ ಪೂಜೆ ಇಲ್ಲ, ಪೂಜೆ ಆಗದೆ ಕಾಫಿ ಇಲ್ಲ.

ಗುರುದೇವಿ: ಅದು ಎಷ್ಟನೇ ವಿಧಿ?

ಕೃಷ್ಣಪ್ಪ: ಅದು ನಮ್ಮನೆಯವಳ ಕಾನೂನು.

ಗುರುದೇವಿ ಬೈದುಕೊಂಡೇ ಒಳಗೆ ಹೋಗಿ ಕಾಫಿ ತಂದು, ಕಂಬಿ ಸಂದಿಯಲ್ಲಿ ಲೋಟ ತೂರಿಸಿದರು.

ಕೃಷ್ಣಪ್ಪ: ಸಕ್ಕರೇನೇ ಇಲ್ಲ! ಇದು ಅಮಾನವೀಯ ಶಿಕ್ಷೆ.

ಗುರುದೇವಿ: ಶುಗರ್ ಇದೆ ಅಂತ ಪಾರ್ಕ್ ತುಂಬಾ ಹೇಳ್ಕೊಂಡು ಓಡಾಡ್ತೀರಲ್ಲ. ಆರೋಗ್ಯ ನೋಡ್ಕೊಂಡೆ.

ಕೃಷ್ಣಪ್ಪ: ವಿಚಾರಣೆ ಇಲ್ಲದೆ ಕೂಡಿ ಹಾಕೋ ಹಾಗಿಲ್ಲ! ಧೈರ್ಯ ಇದ್ರೆ ಪೊಲೀಸ್‌ಗೆ ಫೋನ್ ಮಾಡಿ.

ಗುರುದೇವಿ: ನನಗೇನ್ ಭಯ? (ಫೋನಿನಲ್ಲಿ) ಹಲೋ ಸಾರ್, ಹೂವಿನ ಕಳ್ಳನ್ನ ಹಿಡಿದಿದೀನಿ. ಎಲ್ಲಿ ಅಂದ್ರಾ? ನಮ್ಮನೆ ಮುಂದೇನೇ. ಕಾಂಪೌಂಡ್ ಒಳಗಲ್ಲ ಸಾರ್, ಆಚೆ, ಫುಟ್‌ಪಾತ್ ಮೇಲೆ ಗ್ರಿಲ್ ಹಾಕ್ಸಿ… (ನಾಲಿಗೆ ಕಚ್ಚಿಕೊಂಡು) ರಾಂಗ್ ನಂಬರ್ ಸಾರ್!

ಕೃಷ್ಣಪ್ಪ ನಿಂತಲ್ಲೇ ಕುಣಿದುಬಿಟ್ಟರು.

ಕೃಷ್ಣಪ್ಪ: ಫುಟ್‌ಪಾತ್! ಸಾರ್ವಜನಿಕರ ಜಾಗಕ್ಕೆ ಗ್ರಿಲ್ ಹಾಕಿ, ಸಾರ್ವಜನಿಕರನ್ನೇ ಒಳಗೆ ಹಾಕಿದೀರಾ! ಈಗ ಹೇಳಿ, ಅಪರಾಧಿ ಯಾರು?

ಗುರುದೇವಿ ತೆಪ್ಪಗೆ ಬೀಗ ತೆಗೆದರು. ಕೃಷ್ಣಪ್ಪ ಎದೆಯುಬ್ಬಿಸಿಕೊಂಡು, ಕವರಿನ ಸಮೇತ ಹೊರಬಂದರು.

ಗುರುದೇವಿ: ಹಾಗಾದ್ರೆ ಗಿಡ ಸರ್ಕಾರದ್ದು.

ಕೃಷ್ಣಪ್ಪ: ಬೇರು ಸಮೇತ!

ಗುರುದೇವಿ: ಹೂವೂ ಸರ್ಕಾರದ್ದು.

ಕೃಷ್ಣಪ್ಪ: ಒಂದೊಂದು ಎಸಳೂ!

ಗುರುದೇವಿ: ನಿಮ್ಮ ಪೆನ್ಷನ್ನೂ ಸರ್ಕಾರದ್ದೇ ಅಲ್ವಾ ಸಾರ್? ಸರ್ಕಾರದ ಸ್ವತ್ತು ಕದ್ದೋರ ಪೆನ್ಷನ್ ಏನಾಗುತ್ತೆ, ಕಾನೂನು ಓದಿರೋ ನೀವೇ ಹೇಳ್ಬೇಕು.

ಕೃಷ್ಣಪ್ಪ ಸರ್ರನೆ ಗ್ರಿಲ್ಲಿನೊಳಗೆ ಹೊಕ್ಕು, ತಾವೇ ಬಾಗಿಲು ಎಳೆದುಕೊಂಡರು.

ಕೃಷ್ಣಪ್ಪ: ಬೀಗ ಹಾಕಿ ತಾಯಿ. ಜಾಗಾನೂ ನಿಮ್ಮದೇ, ಹೂವೂ ನಿಮ್ಮದೇ. ಶಿಕ್ಷೇನೂ ನೀವೇ ಕೊಡಿ!